ಬಿಸಿಲ ನಾಡಿನ ಹಿತ್ತಲ ಕೊಳ: ವರ್ಷವಿಡೀ ನೀರಿನ ಬಿಸಿ ಹದದಲ್ಲಿಡುವ ಬಗೆ

ಬೇಸಿಗೆಯಲ್ಲಿ ಹಿತ್ತಲ ಕೊಳದ ಮೀನು ಹೆಚ್ಚಾಗಿ ಸಾಯುವುದು ಬೆಳಗಿನ ಜಾವ, ನಾಲ್ಕರಿಂದ ಆರರ ನಡುವೆ. ರಾಯಚೂರಿನ ಏಪ್ರಿಲ್ ಮಧ್ಯಾಹ್ನ 42 ಡಿಗ್ರಿ ಬಿಸಿಲು ಕಂಡು ಗಾಬರಿಯಾಗಿ ಐಸ್ ಗಡ್ಡೆ ಹಾಕಿದವರು, ಪೈಪ್ ಬಿಟ್ಟವರು ರಾತ್ರಿ ಮೋಟರ್ ಬಂದ್ ಮಾಡಿ ಮಲಗುತ್ತಾರೆ. ಬೆಳಗ್ಗೆ ಎದ್ದರೆ ಮೀನು ಬೆಳ್ಳಗೆ ತೇಲುತ್ತಿರುತ್ತವೆ.

ಕಾರಣ ಸರಳ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ನಿಲ್ಲುವುದು ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ ಹೆಚ್ಚೆಂದರೆ 9 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಗೆ ಏಳೂವರೆಗೆ, 35ಕ್ಕೆ ಏಳರ ಒಳಗೆ ಇಳಿಯುತ್ತದೆ. ಅದೇ ಹೊತ್ತಿಗೆ ಮೀನಿಗೆ ಬೇಕಾಗುವ ಆಮ್ಲಜನಕ ಹತ್ತು ಡಿಗ್ರಿಗೆ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಹಗಲಲ್ಲಿ ಪಾಚಿ, ಗಿಡಗಳು ಆಮ್ಲಜನಕ ಕೊಡುತ್ತವೆ; ಕತ್ತಲಾದ ಮೇಲೆ ಅವೂ ಉಸಿರಾಡಲು ಅದನ್ನೇ ಬಳಸುತ್ತವೆ. ತಳದ ಕೆಸರಿನ ಪಾಲು ಬೇರೆ. ಹೀಗಾಗಿ ಹೊತ್ತು ಮೂಡುವ ಮುಂಚೆ ನೀರಿನಲ್ಲಿ ಉಸಿರು ತೀರಾ ಕಡಿಮೆ ಇರುತ್ತದೆ. ಮುಂದೆ ಹೇಳುವ ಕೆಲಸಗಳನ್ನೆಲ್ಲ ಈ ಜಾವದ ಹೊತ್ತನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಬೇಕು.

ಲೆಕ್ಕಕ್ಕಾಗಿ 10 ಅಡಿ ಉದ್ದ, ಆರೂವರೆ ಅಡಿ ಅಗಲ, ಎರಡೂಮುಕ್ಕಾಲು ಅಡಿ ಆಳದ ಕೊಳ ಹಿಡಿಯೋಣ. ಅದರಲ್ಲಿ ಸುಮಾರು 5,000 ಲೀಟರ್ ನೀರು ಹಿಡಿಯುತ್ತದೆ. ನಿಮ್ಮದು ಇದರ ಅರ್ಧವಿದ್ದರೆ ಅಳತೆಗಳನ್ನೂ ಅರ್ಧ ಮಾಡಿಕೊಳ್ಳಿ. ಆಳವನ್ನು ಮಾತ್ರ ಅರ್ಧ ಮಾಡಬೇಡಿ. ಒಂದೂವರೆ ಅಡಿ ಆಳದ ಕೊಳ ಈ ಭಾಗದಲ್ಲಿ ಬಾಣಲೆ ಇದ್ದಂತೆ, ಬೆಳಗ್ಗೆ ತಣ್ಣಗೆ, ಸಂಜೆ ಸುಡುಸುಡು.

ಮೊದಲು ಅಳೆಯಿರಿ

ಉದ್ದ ವೈರಿನ ಡಿಜಿಟಲ್ ಥರ್ಮಾಮೀಟರ್ ಒಂದು ಸಾಕು. ತಂದ ದಿನವೇ ಪರೀಕ್ಷೆ ಮಾಡಿ: ಒಂದು ಲೋಟದ ತುಂಬ ಪುಡಿ ಮಾಡಿದ ಐಸ್ ಹಾಕಿ, ಸಂದಿ ತುಂಬುವಷ್ಟು ನೀರು ಸೇರಿಸಿ, ಐದು ನಿಮಿಷ ಕಲಕುತ್ತ ವೈರಿನ ತುದಿಯನ್ನು ಅದರಲ್ಲಿಡಿ. 0 ತೋರಿಸಬೇಕು. 1.5 ತೋರಿಸಿದರೆ ಮುಂದೆ ಪ್ರತಿ ಅಳತೆಯಲ್ಲೂ ಒಂದೂವರೆ ಕಳೆಯಿರಿ. ಅಗ್ಗದ ಮೀಟರುಗಳಲ್ಲಿ ಇಷ್ಟು ತಪ್ಪು ಇದ್ದೇ ಇರುತ್ತದೆ.

ವೈರನ್ನು ಒಂದು ಬಿದಿರು ಗಳಕ್ಕೆ ಕಟ್ಟಿ, ಒಂದು ಗೇಣು ಆಳದಲ್ಲಿ ಒಮ್ಮೆ, ತಳದಿಂದ ನಾಲ್ಕು ಬೆರಳು ಮೇಲೆ ಒಮ್ಮೆ ಅಳೆಯಿರಿ. ಹೊತ್ತು: ಬೆಳಗ್ಗೆ 6, ಸಂಜೆ 4. ಒಂದು ವಾರ ಬರೆದಿಟ್ಟರೆ ಕೊಳದ ಸ್ವಭಾವ ತಿಳಿಯುತ್ತದೆ. ನೋಡಬೇಕಾದ್ದು ಎರಡು ಅಂತರ. ಬೆಳಗ್ಗೆಗೂ ಸಂಜೆಗೂ 5 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ನೆರಳು ಸಾಲದು, ಇಲ್ಲವೇ ಆಳ ಸಾಲದು. ಸಂಜೆ ಮೇಲಿನ ನೀರಿಗೂ ತಳದ ನೀರಿಗೂ 3 ಡಿಗ್ರಿ ದಾಟಿದರೆ ನೀರು ಕಲೆಯುತ್ತಿಲ್ಲ, ತಳದಲ್ಲಿ ಆಮ್ಲಜನಕ ಇಲ್ಲವೆಂದೇ ತಿಳಿಯಿರಿ.

ಯಾವ ಮೀನು ಎಂಬುದು ಅರ್ಧ ಕೆಲಸ

ಗೋಲ್ಡ್ ಫಿಶ್, ಕೊಯಿ ಕಾರ್ಪ್ ತಂಪು ನೀರಿನ ಮೀನು. 18ರಿಂದ 24 ಡಿಗ್ರಿಯಲ್ಲಿ ಲವಲವಿಕೆಯಿಂದಿರುತ್ತವೆ, 30 ದಾಟಿದರೆ ಸೊರಗುತ್ತವೆ. ರಾಯಚೂರು, ಬಳ್ಳಾರಿ, ಕೊಪ್ಪಳದ ಹಿತ್ತಲಿಗೆ ಇವನ್ನು ತಂದು ಮೇ ತಿಂಗಳಲ್ಲಿ ಒದ್ದಾಡುವುದಕ್ಕಿಂತ ಗಪ್ಪಿ, ಮಾಲಿ ಎಂಬ ಸಣ್ಣ ಮೀನು ಸಾಕುವುದು ಜಾಣತನ. ನಮ್ಮ ಕಡೆಯ ಗಡಸು ಬೋರ್ ನೀರು ಮಾಲಿಗಂತೂ ಒಗ್ಗಿದ ನೀರು. ರೋಹು, ಕಟ್ಲಾ 25ರಿಂದ 32 ಡಿಗ್ರಿಯಲ್ಲಿ ಚೆನ್ನಾಗಿರುತ್ತವೆ, ಆದರೆ 5,000 ಲೀಟರಿಗೆ ಅವು ಬೇಗ ದೊಡ್ಡವಾಗಿಬಿಡುತ್ತವೆ. ಗಪ್ಪಿ ಹೆಚ್ಚಾಯಿತೆಂದು ಕಾಲುವೆಗೋ ಕೆರೆಗೋ ಬಿಡಬೇಡಿ, ಅಲ್ಲಿನ ಮೀನುಗಳಿಗೆ ಅದು ಪೀಡೆ.

ಗೋಲ್ಡ್ ಫಿಶ್ ಆಗಲೇ ಇದ್ದರೆ ಸಂಖ್ಯೆ ಕಡಿಮೆ ಇರಲಿ. 5,000 ಲೀಟರಿಗೆ ಹದಿನೈದಕ್ಕಿಂತ ಹೆಚ್ಚು ಬೇಡ.

ಫೆಬ್ರವರಿ: ಕೆಸರು ತೆಗೆಯುವುದು

ಬೇಸಿಗೆಯ ಕೆಲಸ ಶಿವರಾತ್ರಿಯ ಆಸುಪಾಸಿನಲ್ಲೇ ಶುರುವಾಗಬೇಕು. ತಳದಲ್ಲಿ ಕೊಳೆಯುವ ಎಲೆ, ಉಳಿದ ಆಹಾರ, ಹಿಕ್ಕೆ ಬಿಸಿ ಏರಿದಂತೆ ವೇಗವಾಗಿ ಆಮ್ಲಜನಕ ತಿನ್ನುತ್ತವೆ. ಮುಕ್ಕಾಲು ಇಂಚಿನ ಹೋಸ್ ಪೈಪ್‌ನಲ್ಲಿ ನೀರು ತುಂಬಿ, ಒಂದು ತುದಿ ತಳಕ್ಕೆ, ಇನ್ನೊಂದು ತುದಿ ಕೊಳಕ್ಕಿಂತ ತಗ್ಗಿನ ಗಿಡದ ಪಾತಿಗೆ ಬಿಟ್ಟು ಕೆಸರನ್ನು ಎಳೆಯಿರಿ. ಒಂದೇ ದಿನ ಕಾಲುಭಾಗ ನೀರಿಗಿಂತ ಹೆಚ್ಚು ತೆಗೆಯಬೇಡಿ. ಉಳಿದದ್ದು ಮುಂದಿನ ವಾರ.

ಬೇವು ಎಲೆ ಉದುರಿಸುವುದೂ ಫೆಬ್ರವರಿ–ಮಾರ್ಚ್‌ನಲ್ಲೇ. ಕೊಳದ ಮೇಲೆ ಬೇವಿನ ಟೊಂಗೆ ಇದ್ದರೆ ಆ ಆರು ವಾರ ಬಲೆ ಕಟ್ಟಿ ಎಲೆ ಹಿಡಿಯಿರಿ. ಬೇವಿನೆಲೆ ಕೊಳೆತ ನೀರು ಮೀನಿಗೆ ಒಳ್ಳೆಯದಲ್ಲ. ಈ ಕೆಲಸವನ್ನು ಮೇ ತಿಂಗಳಿಗೆ ಮುಂದೂಡಿದರೆ ತಳ ಕಲಕಿದ ಕೂಡಲೇ ಕೊಳಕು ಅನಿಲವೆಲ್ಲ ಮೇಲೆದ್ದು ಇದ್ದ ಮೀನೂ ಹೋಗುತ್ತವೆ.

ಮಾರ್ಚ್: ನೆರಳು, ಅದರಲ್ಲೂ ಪಡುವಣ ದಿಕ್ಕಿಗೆ

ಶೇಡ್ ನೆಟ್ ಹಾಕುವವರಲ್ಲಿ ಹೆಚ್ಚಿನವರು ಮಾಡುವ ತಪ್ಪು ಒಂದೇ: ಕೊಳದ ನೆತ್ತಿಗೆ ಸರಿಯಾಗಿ ಕೊಳದಷ್ಟೇ ಅಗಲದ ನೆಟ್ ಕಟ್ಟಿ ಕೈತೊಳೆದುಕೊಳ್ಳುವುದು. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ನಮ್ಮ ಭಾಗದಲ್ಲಿ ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಇರುವುದರಿಂದ ಆಗ ನೆರಳು ಸರಿಯಾಗಿ ಬೀಳುತ್ತದೆ. ಸಂಜೆ ನಾಲ್ಕಕ್ಕೆ ನೋಡಿ. ಸೂರ್ಯ ಪಡುವಣಕ್ಕೆ ವಾಲಿ, ಏಳಡಿ ಎತ್ತರದ ನೆಟ್ಟಿನ ನೆರಳು ಒಂಬತ್ತು–ಹತ್ತು ಅಡಿ ಮೂಡಣಕ್ಕೆ ಸರಿದಿರುತ್ತದೆ. ಕೊಳ ಪೂರ್ತಿ ಬಿಸಿಲಲ್ಲಿ, ನೆಲಕ್ಕೆ ತಂಪಾದ ನೆರಳು!

ಆದ್ದರಿಂದ ಕಟ್ಟುವ ಕ್ರಮ ಹೀಗಿರಲಿ. ಒಂದೂವರೆ ಇಂಚಿನ ಜಿ.ಐ. ಪೈಪಿನ ನಾಲ್ಕು ಕಂಬ, ನೆಲದಿಂದ ಏಳಡಿ ಮೇಲೆ. ಎರೆಮಣ್ಣಿನ ನೆಲವಾದರೆ ಎರಡಡಿ ಗುಂಡಿ ತೋಡಿ ಗರಸು, ಕಾಂಕ್ರೀಟ್ ತುಂಬಿ. ಬರೀ ಎರೆಯಲ್ಲಿ ನೆಟ್ಟ ಕಂಬ ಬೇಸಿಗೆಯ ಬಿರುಕಿಗೆ ಅಲುಗಾಡಿ ಮಳೆಗಾಲಕ್ಕೆ ವಾಲುತ್ತದೆ. ಮೇಲೆ ಹಸಿರು ನೆಟ್: ನೈದಿಲೆ, ತಾವರೆ ಇದ್ದರೆ ಅರ್ಧ ಬಿಸಿಲು ತಡೆಯುವ 50 ಪರ್ಸೆಂಟಿನದು, ಬರೀ ಮೀನಿದ್ದರೆ 75ರದು. ಪಡುವಣ ಬದಿಗೆ ಅದೇ ನೆಟ್ಟನ್ನು ಪರದೆಯಂತೆ ಇಳಿಬಿಟ್ಟು ನೆಲದಿಂದ ಒಂದಡಿ ಮೇಲೆ ನಿಲ್ಲಿಸಿ. ಉಳಿದ ಮೂರು ಬದಿ ತೆರೆದಿರಲಿ. ನೆಟ್ಟನ್ನು ನೀರಿನ ಮೇಲೆ ಒಂದೆರಡು ಅಡಿಗೇ ಹಾಸಿದಂತೆ ಕಟ್ಟುವವರಿದ್ದಾರೆ. ಅದರಡಿ ಗಾಳಿ ಆಡದೆ ಉಬ್ಬೆ ಕಟ್ಟಿ, ನೀರು ಆವಿಯಾಗಿ ತಣಿಯುವ ದಾರಿಯೇ ಮುಚ್ಚಿಹೋಗುತ್ತದೆ.

ನೆಟ್ಟಿಗೆ ಹಣ ಹಾಕಲು ಮನಸ್ಸಿಲ್ಲದಿದ್ದರೆ ಚಪ್ಪರ ಸಾಕು. ಜೋಳದ ಕಣಿಕೆ, ತೊಗರಿ ಕಟ್ಟಿಗೆ ಹೆಣೆದು ಹಾಕಿದ ಚಪ್ಪರ ನೆಟ್ಟಿಗಿಂತ ತಂಪು. ಹತ್ತಿ ಕಟ್ಟಿಗೆ ಮಾತ್ರ ಬೇಡ, ಅದಕ್ಕೆ ಹೊಡೆದ ಔಷಧದ ಅಂಶ ಮೊದಲ ಮಳೆಗೆ ಕೊಳಕ್ಕೇ ಇಳಿಯುತ್ತದೆ. ದೂರದ ಯೋಚನೆಯಿದ್ದರೆ ಪಡುವಣಕ್ಕೆ ತೊಂಡೆ ಬಳ್ಳಿ ಹಬ್ಬಿಸಿ: ಕೊಳದಿಂದ ತೆಗೆದ ನೀರು ಅದಕ್ಕೇ ಹೋಗಲಿ.

ಕೊಳ ನೆಲದ ಮೇಲೆ ಕಟ್ಟಿದ ಸಿಮೆಂಟ್ ತೊಟ್ಟಿಯಾಗಿದ್ದರೆ ಪಡುವಣ ಗೋಡೆಯ ಹೊರಮೈಗೆ ಸುಣ್ಣ ಬಳಿದು, ಹಸಿ ಗೋಣಿಚೀಲ ಇಳಿಬಿಡಿ. ದಂಡೆಗೆ ಹಾಸಿದ ಶಹಾಬಾದ್ ಕಲ್ಲು ಹಗಲೆಲ್ಲ ಕಾದು ರಾತ್ರಿ ಒಂಬತ್ತರವರೆಗೂ ಬಿಸಿ ಬಿಡುತ್ತಿರುತ್ತದೆ. ಅದರ ಮೇಲೆ ಕುಂಡಗಳನ್ನು ಸಾಲಾಗಿ ಇಟ್ಟರೂ ವ್ಯತ್ಯಾಸ ಕಾಣುತ್ತದೆ.

ನೀರಿನ ಮೇಲಿನ ಎಲೆಯೂ ನೆರಳೇ. ನೈದಿಲೆ ಅಥವಾ ಅಂತರಗಂಗೆ ಬೇಸಿಗೆಯಲ್ಲಿ ಅರ್ಧ ಮೇಲ್ಮೈ ಮುಚ್ಚಿದರೆ ಸಾಕು. ಮುಕ್ಕಾಲು ದಾಟಲು ಬಿಡಬೇಡಿ. ಗಾಳಿಗೂ ನೀರಿಗೂ ನಡುವೆ ಹೊದಿಕೆಯಾಗಿ ನಿಂತು, ರಾತ್ರಿ ಉಸಿರನ್ನೂ ಅದೇ ಕುಡಿಯುತ್ತದೆ.

ಏಪ್ರಿಲ್–ಮೇ: ಗಡಿಗೆಯ ವಿದ್ಯೆ

ಮಣ್ಣಿನ ಗಡಿಗೆಯ ನೀರು ತಣ್ಣಗಾಗುವುದು ಮೈ ಬೆವೆತು ಆ ಬೆವರು ಆರುವುದರಿಂದ. ಗಾಳಿ ಒಣಗಿದಷ್ಟೂ ಗಡಿಗೆ ತಣ್ಣಗೆ. ಕೊಳದ್ದೂ ಇದೇ ಲೆಕ್ಕ. ಹೊರಗೆ 42 ಡಿಗ್ರಿ, ಗಾಳಿಯ ತೇವ 20 ಪರ್ಸೆಂಟ್ ಇರುವ ಮಧ್ಯಾಹ್ನ ಸಣ್ಣ ಹನಿಯಾಗಿ ಚಿಮ್ಮಿದ ನೀರು 24 ಡಿಗ್ರಿಯತ್ತ ಇಳಿಯಲು ಹವಣಿಸುತ್ತದೆ. ಸುಡುಗಾಳಿಯಲ್ಲಿ ಕಾರಂಜಿ ಹಾಕಿದರೆ ನೀರು ಇನ್ನೂ ಕಾಯುತ್ತದೆ ಎಂಬ ನಂಬಿಕೆ ನಮ್ಮ ಒಣ ಬೇಸಿಗೆಗೆ ಒಪ್ಪುವುದಿಲ್ಲ. ಕರಾವಳಿಯ ತೇವದ ಗಾಳಿಯಲ್ಲಾದರೆ ಅದರ ತಂಪು ಅಷ್ಟಕ್ಕಷ್ಟೆ.

6 ಚದರ ಮೀಟರ್ ಮೇಲ್ಮೈಯಿಂದ ದಿನಕ್ಕೆ 10 ಮಿಲಿಮೀಟರ್ ಆವಿಯಾದರೆ 60 ಲೀಟರ್ ಹೋಯಿತು. ಆ 60 ಲೀಟರ್ ಹೊತ್ತೊಯ್ಯುವ ಬಿಸಿ ಇಡೀ 5,000 ಲೀಟರನ್ನು 7 ಡಿಗ್ರಿ ಕಾಯಿಸುವಷ್ಟು. ಇದಕ್ಕೆ ಹೋಲಿಸಿದರೆ 10 ಕಿಲೋ ಐಸ್ ಗಡ್ಡೆ ಕರಗಿ ಇಳಿಸುವುದು ಕಾಲು ಡಿಗ್ರಿಯೂ ಇಲ್ಲ. ಗಡ್ಡೆಯ ಪಕ್ಕ ಬಂದ ಮೀನಿಗೆ ಮಾತ್ರ ಥಂಡಿ ಹೊಡೆತ. 28 ಡಿಗ್ರಿಯ 500 ಲೀಟರ್ ಬೋರ್ ನೀರನ್ನು 34 ಡಿಗ್ರಿಯ ಕೊಳಕ್ಕೆ ಬದಲಿಸಿದರೂ ಇಳಿಯುವುದು ಅರ್ಧ ಡಿಗ್ರಿಗಿಂತ ತುಸು ಹೆಚ್ಚು, ಅಷ್ಟೇ.

ಹನಿ ಚಿಮ್ಮಿಸಲು ಬೇಕಾದ ಸಾಮಾನು ಕಡಿಮೆ. ಗಂಟೆಗೆ 1,500 ಲೀಟರ್ ಎತ್ತುವ, 25–30 ವ್ಯಾಟಿನ ಮುಳುಗು ಪಂಪ್. ಅರ್ಧ ಇಂಚಿನ ಪಿ.ವಿ.ಸಿ. ಪೈಪ್ ಮೂರಡಿ, ಒಂದು ಎಲ್ಬೋ, ಒಂದು ಎಂಡ್ ಕ್ಯಾಪ್. ಪೈಪಿಗೆ ಎರಡು ಇಂಚಿಗೊಂದರಂತೆ, ಒಂದೇ ಸಾಲಿನಲ್ಲಿ, ಎರಡು ಮಿಲಿಮೀಟರ್ ಡ್ರಿಲ್‌ನಿಂದ ತೂತು ಮಾಡಿ. ಕಾಯಿಸಿದ ಮೊಳೆಯಿಂದ ಮಾಡಿದ ತೂತಿಗೆ ಅಂಚು ಉಬ್ಬಿ ನೀರು ಅಡ್ಡಾದಿಡ್ಡಿ ಹಾರಿ ದಂಡೆಯ ಹೊರಗೆ ಬೀಳುತ್ತದೆ. ಪೈಪನ್ನು ನೀರಿನಿಂದ ಎರಡಡಿ ಎತ್ತರಕ್ಕೆ, ತೂತು ಕೆಳಮುಖವಾಗಿ, ಕೊಳದ ಅಂಚಿನಿಂದ ಒಂದಡಿ ಒಳಗೆ ಕಟ್ಟಿ. ಪಂಪನ್ನು ಎದುರು ತುದಿಯಲ್ಲಿ, ತಳದಿಂದ ಒಂದು ಇಟ್ಟಿಗೆ ಎತ್ತರಕ್ಕೆ ಇಡಿ. ತೀರ ತಳಕ್ಕೆ ಇಟ್ಟರೆ ಕೆಸರು ಕಟ್ಟಿ ಸುಟ್ಟುಹೋಗುತ್ತದೆ.

ಇಲ್ಲಿ ಕೆಡುವ ಜಾಗ ಎರಡು. ಪಂಪಿನಿಂದ ಬರುವ ಪೈಪ್ ಬಿಸಿಲಲ್ಲಿ ಕಲ್ಲಿನ ಮೇಲೆ ಬಿದ್ದಿದ್ದರೆ ಗೀಸರ್ ಕಟ್ಟಿದಂತೆಯೇ. ಅದನ್ನು ಮಣ್ಣಲ್ಲಿ ಹೂಳಿ, ಇಲ್ಲವೇ ನೀರೊಳಗೇ ಹಾಯಿಸಿ. ಎರಡನೆಯದು, ಗಡಸು ನೀರಿನ ಬಿಳಿ ಚಕ್ಕೆ. ಮೂರು ವಾರಕ್ಕೆ ತೂತುಗಳು ಒಂದೊಂದಾಗಿ ಕಟ್ಟಿಕೊಳ್ಳುತ್ತವೆ. ಪೈಪ್ ಬಿಚ್ಚಿ ರಾತ್ರಿಯಿಡೀ ವಿನೆಗರಿನಲ್ಲಿ ನೆನೆಹಾಕಿ, ಬೆಳಗ್ಗೆ ಕಡ್ಡಿಯಿಂದ ಚುಚ್ಚಿ ತೊಳೆದರೆ ಬಿಡುತ್ತದೆ.

ಪಂಪಿನ ವೈರಿಂಗಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಬಂದ್ ಮಾಡುವ ಸ್ವಿಚ್) ಕಡ್ಡಾಯ. ನೀರಿಗೆ ಕೈ ಹಾಕುವ ಮುಂಚೆ ಪ್ಲಗ್ ಕೀಳಿ, ಸ್ವಿಚ್ ಆರಿಸಿದರೆ ಸಾಲದು.

ಎಷ್ಟು ಹೊತ್ತು ನಡೆಸಬೇಕು? ನೀರಿಗೆ ಬರ ಇಲ್ಲದಿದ್ದರೆ ದಿನವಿಡೀ. ನೀರು, ಕರೆಂಟು ಎರಡೂ ಬಿಗಿಯಿದ್ದರೆ ರಾತ್ರಿ 10ರಿಂದ ಬೆಳಗ್ಗೆ 7ರವರೆಗೆ ತಪ್ಪಿಸಬೇಡಿ. ತಂಪೂ ಉಸಿರೂ ಒಟ್ಟಿಗೆ ಸಿಗುವುದು ಆಗಲೇ. ರಾತ್ರಿ ಕರೆಂಟು ಹೋಗುವ ಊರಿನಲ್ಲಿ ಬ್ಯಾಟರಿ ಮೇಲೆ ನಡೆಯುವ ಸಣ್ಣ ಏರ್ ಪಂಪ್ ಒಂದು ಇಟ್ಟುಕೊಳ್ಳಿ.

ನೀರು ತುಂಬುವುದು

ಮಾಳಿಗೆ ಮೇಲಿನ ಕಪ್ಪು ಟ್ಯಾಂಕಿನ ನೀರು ಮಧ್ಯಾಹ್ನ ಕೈ ಸುಡುತ್ತದೆ. ಅದನ್ನೇ ಪೈಪ್ ಹಚ್ಚಿ ಕೊಳಕ್ಕೆ ಬಿಟ್ಟು ‘ತಂಪು ಮಾಡಿದೆ’ ಎನ್ನುವವರೂ ಉಂಟು. ತುಂಬುವ ಹೊತ್ತು ಬೆಳಗ್ಗೆ ಆರರಿಂದ ಏಳು. ಬೋರ್ ನೀರು ನೆಲದಾಳದಿಂದ ಬರುವುದರಿಂದ ತಂಪಿದ್ದರೂ ಅದರಲ್ಲಿ ಆಮ್ಲಜನಕ ಕಡಿಮೆ. ನೇರ ತಳಕ್ಕೆ ಬಿಡದೆ ಎತ್ತರದಿಂದ ಹನಿಸಿ ಬಿಡಿ. ನಳದ ನೀರಾದರೆ ಕ್ಲೋರಿನ್ ಇರುತ್ತದೆ. 200 ಲೀಟರಿನ ಡ್ರಮ್ಮು ನೆರಳಿನಲ್ಲಿಟ್ಟು, ತೆರೆದು, ಒಂದು ದಿನ ಬಿಟ್ಟು ಬಳಸಿ. ಅವಸರವಿದ್ದರೆ 100 ಲೀಟರಿಗೆ 1 ಗ್ರಾಂ ಹೈಪೊ (ಸೋಡಿಯಂ ಥಯೋಸಲ್ಫೇಟ್) ಹರಳು ಕರಗಿಸಿ ಹಾಕಿ.

ಆವಿಯಾಗಿ ಹೋಗುವುದು ಬರೀ ನೀರು, ಲವಣ ಕೊಳದಲ್ಲೇ ಉಳಿಯುತ್ತದೆ. ದಿನಕ್ಕೆ 60 ಲೀಟರಿನಂತೆ ತಿಂಗಳಿಗೆ 1,800 ಲೀಟರ್ ತುಂಬುತ್ತೀರಿ. ಬೋರಿನ ಟಿಡಿಎಸ್ (ಲೀಟರ್ ನೀರಿನಲ್ಲಿ ಕರಗಿದ ಲವಣ, ಮಿಲಿಗ್ರಾಂ ಲೆಕ್ಕದಲ್ಲಿ) 1,000 ಇದ್ದರೆ ಆ ಒಂದು ತಿಂಗಳಲ್ಲಿ 1.8 ಕಿಲೋ ಲವಣ ಸೇರಿ ಕೊಳದ ಟಿಡಿಎಸ್ 1,360 ಮುಟ್ಟುತ್ತದೆ. ಹೀಗಾಗಿ ಕಡಿಮೆಯಾದಷ್ಟು ತುಂಬಿಸುವುದರ ಜೊತೆಗೆ ವಾರಕ್ಕೊಮ್ಮೆ 500 ಲೀಟರ್ ತಳದಿಂದ ಹೊರತೆಗೆದು ಹೊಸದು ಹಾಕಿ. ಸಾಧ್ಯವಿದ್ದವರು ಮಳೆನೀರು ಹಿಡಿದಿಟ್ಟುಕೊಂಡರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಆಹಾರ ಬೆಳಗ್ಗೆ ಏಳೂವರೆ–ಎಂಟಕ್ಕೆ, ಒಮ್ಮೆ ಮಾತ್ರ, ಮೂರು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ಸಂಜೆ ಅಳತೆ 33 ದಾಟಿದ ದಿನಗಳಲ್ಲಿ ಅರ್ಧಕ್ಕೆ ಇಳಿಸಿ. ಗೋಲ್ಡ್ ಫಿಶ್‌ಗೆ ಪೂರ್ತಿ ನಿಲ್ಲಿಸಿ, ವಾರ ಉಪವಾಸವಿದ್ದರೂ ಅವಕ್ಕೆ ಏನೂ ಆಗದು. ತಿಂದಷ್ಟೂ ಅಮೋನಿಯಾ ಬಿಡುತ್ತವೆ. ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 8 ಇರುವ ನೀರಿನಲ್ಲಿ ಆ ಅಮೋನಿಯಾದ ವಿಷದ ಪಾಲು 20 ಡಿಗ್ರಿಯಲ್ಲಿ ಶೇ. 4ರಷ್ಟಿದ್ದರೆ 30ಕ್ಕೆ ಶೇ. 7–8.

ಜಾವಕ್ಕೆ ಮೀನು ಮೇಲೆ ಬಂದು ಬಾಯಿ ತೆರೆದು ಗುಟುಕರಿಸುತ್ತಿದ್ದರೆ ಹೊಸ ನೀರಿಗಾಗಿ ಓಡಬೇಡಿ. ಬಕೆಟ್ಟಿನಲ್ಲಿ ಅದೇ ನೀರು ಮೊಗೆದು ನಾಲ್ಕಡಿ ಮೇಲಿನಿಂದ ಸುರಿಯಿರಿ, ಇಪ್ಪತ್ತು ನಿಮಿಷ ಬಿಡದೆ. ತೇಲುವ ಎಲೆಯಲ್ಲಿ ಅರ್ಧ ತೆಗೆದು ಹಾಕಿ. ಆ ದಿನ ಆಹಾರ ಇಲ್ಲ.

ಮೊದಲ ಮಳೆ ಬಂದಾಗ

ಕೃತ್ತಿಕೆ, ರೋಹಿಣಿ ಮಳೆ ಗುಡುಗು, ಆಲಿಕಲ್ಲಿನೊಂದಿಗೆ ಸಂಜೆ ಸುರಿದಾಗ ಊರೆಲ್ಲ ತಂಪಾಯಿತೆಂದು ಖುಷಿಪಟ್ಟರೆ ಕೊಳಕ್ಕೆ ಅದು ಗಂಡಾಂತರ. ತಣ್ಣನೆ ಮಳೆನೀರು ಭಾರ. 33 ಡಿಗ್ರಿಯ ನೀರಿನ ಮೇಲೆ ಬಿದ್ದದ್ದು ಕೆಳಗಿಳಿದು, ತಳದ ಉಸಿರಿಲ್ಲದ ನೀರನ್ನು ಮೇಲಕ್ಕೆ ನೂಕುತ್ತದೆ. ಮರುದಿನ ಮೋಡ ಮುಸುಕಿದ್ದರೆ ಪಾಚಿಯೂ ಆಮ್ಲಜನಕ ಕೊಡದು. ಇಂಥ ಮಳೆಯ ರಾತ್ರಿ ಪಂಪ್ ನಿಲ್ಲಿಸಲೇಬಾರದು. ಮಾಳಿಗೆಯಿಂದ ಸುರಿಯುವ ನೀರು, ಅಂಗಳದ ಎರೆ ಕಲಸಿದ ನೀರು ಕೊಳಕ್ಕೆ ನುಗ್ಗದಂತೆ ದಂಡೆ ನೆಲಕ್ಕಿಂತ ಕನಿಷ್ಠ ನಾಲ್ಕು ಇಂಚು ಎತ್ತರವಿರಲಿ. ಹೆಚ್ಚಾದ ನೀರು ಹೊರಹೋಗಲು ಜಾಲರಿ ಕಟ್ಟಿದ ಎರಡು ಇಂಚಿನ ಪೈಪ್ ಬೇಕು, ಇಲ್ಲದಿದ್ದರೆ ಮೀನೇ ಅಂಗಳಕ್ಕೆ ಬರುತ್ತವೆ.

ಆಷಾಢದ ಗಾಳಿ ಎದ್ದರೆ ನೆಟ್ ಹರಿಯುತ್ತದೆ, ಕಂಬವನ್ನೂ ಎಳೆಯುತ್ತದೆ. ಮೃಗಶಿರಾ ಮುಗಿಯುವ ಹೊತ್ತಿಗೆ ಬಿಚ್ಚಿ ಸುತ್ತಿಡಿ. ಗಾಳಿ, ಮೋಡದಿಂದ ನೀರು ತಾನಾಗಿಯೇ ಹದಕ್ಕೆ ಬರುತ್ತದೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ಕಾರಂಜಿ ತಂಪು ಮಾಡುವುದು ಅಷ್ಟಕ್ಕಷ್ಟೆ, ಉಸಿರಿಗಾಗಿ ಮಾತ್ರ ನಡೆಸಿ. ತೇಲುವ ಗಿಡವನ್ನು ಕಾಲುಭಾಗಕ್ಕೆ ಇಳಿಸಿ. ತೆಗೆದದ್ದು ತಿಪ್ಪೆಗೆ, ತುಂಗಭದ್ರಾ ಕಾಲುವೆಗಲ್ಲ. ಅಕ್ಟೋಬರ್‌ನ ಬಿಸಿಲು ಎರಡು ವಾರ ಮತ್ತೆ ಚುರುಕಾಗುತ್ತದೆ, ಆಗ ಪಡುವಣ ಪರದೆ ಒಂದೇ ಸಾಕು.

ಚಳಿಗಾಲ ಚಿಕ್ಕದು, ಆದರೆ ಮೋಸದ್ದು

ಡಿಸೆಂಬರ್, ಜನವರಿಯಲ್ಲಿ ಇಲ್ಲಿ ನೀರು ಹೆಪ್ಪುಗಟ್ಟುವ ಮಾತಿಲ್ಲ. ಹಗಲು 30, ಇರುಳು 15 ಎಂಬ ಏರಿಳಿತವೇ ಕಷ್ಟ. ಗಪ್ಪಿ, ಮಾಲಿಗೆ 18ಕ್ಕಿಂತ ಕೆಳಗಿಳಿದರೆ ಮೈ ಮುದುಡುತ್ತದೆ. ಈಗ ಬೇಸಿಗೆಯ ಕ್ರಮವನ್ನೆಲ್ಲ ತಿರುವು ಮುರುವು ಮಾಡಿ: ನೆರಳು ಪೂರ್ತಿ ತೆಗೆಯಿರಿ, ಸೂರ್ಯ ತೆಂಕಣಕ್ಕೆ ವಾಲಿರುವುದರಿಂದ ಆ ಬದಿಯ ಕುಂಡ, ಟೊಂಗೆ ಸರಿಸಿ. ರಾತ್ರಿ ಕಾರಂಜಿ ಬೇಡ, ಅದು ಚಳಿಗಾಳಿಯಲ್ಲಿ ನೀರನ್ನು ಇನ್ನಷ್ಟು ತಣಿಸುತ್ತದೆ; ಬೆಳಗ್ಗೆ 10ರಿಂದ ಸಂಜೆ 4ರವರೆಗೆ ನಡೆಸಿ. ಗಪ್ಪಿ, ಮಾಲಿ ಇರುವ ಕೊಳದ ಮುಕ್ಕಾಲು ಭಾಗಕ್ಕೆ ಸಂಜೆ ಆರಕ್ಕೆ ಚಾಪೆಯನ್ನೋ ತಾಡಪತ್ರಿಯನ್ನೋ ಹೊದಿಸಿ, ಬೆಳಗ್ಗೆ ತೆಗೆಯಿರಿ. ಆಹಾರ ಮಧ್ಯಾಹ್ನ ಹನ್ನೆರಡಕ್ಕೆ, ನೀರು 20 ಮುಟ್ಟಿದ ಮೇಲೆ.

ಮೈಮೇಲೆ ರವೆ ಚೆಲ್ಲಿದಂಥ ಬಿಳಿ ಚುಕ್ಕೆ ಬರುವುದು ಈ ಕಾಲದಲ್ಲೇ. ಥಟ್ಟನೆ ತಣಿದ ನೀರಿನಲ್ಲಿ ಮೀನಿನ ತಡೆಯುವ ಶಕ್ತಿ ಕುಗ್ಗುತ್ತದೆ, ಪರೋಪಜೀವಿ ಹತ್ತಿಕೊಳ್ಳುತ್ತದೆ. ಮೀನುಗಳನ್ನೆಲ್ಲ ಹಿಡಿದು, ಕೊಳದ ನೀರನ್ನೇ ತುಂಬಿದ 200 ಲೀಟರ್ ಡ್ರಮ್ಮಿಗೆ ಹಾಕಿ; ಏರ್ ಪಂಪ್ ಸದಾ ನಡೆಯುತ್ತಿರಲಿ. 600 ಗ್ರಾಂ ಕಲ್ಲುಪ್ಪನ್ನು ಮೂರು ಪಾಲು ಮಾಡಿ, ಹನ್ನೆರಡು ಗಂಟೆಗೊಂದು ಪಾಲು ಕರಗಿಸಿ ಬಿಡಿ. ಅಕ್ವೇರಿಯಂ ಹೀಟರ್‌ನಿಂದ ನೀರನ್ನು ನಿಧಾನವಾಗಿ, ಗಂಟೆಗೆ ಒಂದು ಡಿಗ್ರಿ ಮೀರದಂತೆ, 28ಕ್ಕೆ ಏರಿಸಿ. ದಿನಕ್ಕೆ ಕಾಲುಭಾಗ ನೀರು ಬದಲಿಸುತ್ತ, ತೆಗೆದಷ್ಟಕ್ಕೇ ತಕ್ಕ ಉಪ್ಪು (50 ಲೀಟರಿಗೆ 150 ಗ್ರಾಂ) ಸೇರಿಸುತ್ತ ಎರಡು ವಾರ ಇಡಿ. ಅಷ್ಟು ದಿನ ಮೀನಿಲ್ಲದ ಕೊಳದಲ್ಲಿ ಪರೋಪಜೀವಿಯೂ ಆಸರೆಯಿಲ್ಲದೆ ಸಾಯುತ್ತದೆ. ಉಪ್ಪನ್ನು ಕೊಳಕ್ಕೇ ಸುರಿದರೆ 15 ಕಿಲೋ ಬೇಕಾಗುತ್ತದೆ, ತಾವರೆ ಗಡ್ಡೆ ಅದರೊಂದಿಗೆ ಹೋಗುತ್ತದೆ.

ತಾವರೆಯ ಎಲೆ ಈ ತಿಂಗಳುಗಳಲ್ಲಿ ಕಂದಿ ಒಣಗಿದರೆ ಸತ್ತಿತೆಂದು ಕಿತ್ತು ಬಿಸಾಡಬೇಡಿ. ಗಡ್ಡೆ ನಿದ್ದೆಯಲ್ಲಿರುತ್ತದೆ. ಒಣ ಎಲೆಯನ್ನು ದಂಟಿನ ಸಮೇತ ನೀರಿನ ಮಟ್ಟಕ್ಕಿಂತ ಮೇಲೆ ಕತ್ತರಿಸಿ. ನೀರೊಳಗೆ ಕತ್ತರಿಸಿದರೆ ಟೊಳ್ಳು ದಂಟಿನಿಂದ ನೀರಿಳಿದು ಗಡ್ಡೆ ಕೊಳೆಯುತ್ತದೆ. ಫೆಬ್ರವರಿಯಲ್ಲಿ ಕೆಸರು ಎಳೆಯುವಾಗ ಆ ಕುಂಡವನ್ನು ಅಲುಗಿಸದೆ ಬಿಟ್ಟರೆ ಮಾರ್ಚ್‌ನ ಬಿಸಿಗೆ ಹೊಸ ಎಲೆ ಸುರುಳಿಯಾಗಿ ಏಳುತ್ತದೆ.